ಎರಡು ಬೆರಳು, ಒಂದು ಗೇಣು

ಚಿಕ್ಕಜಾಜೂರು

ನೇಪಾಳಕ್ಕೆ ಹೋಗಿಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಪಶುಪತಿನಾಥನ ದರ್ಶನ ಆಯಿತೇ ಎಂದು. ಆಗಲಿಲ್ಲ. ಆಮೇಲೆ ಕೇಳುವುದು ವಾಚು, ಟೇಪ್ ರೆಕಾರ್ಡರ್ ಏನಾದರೂ ತಂದೆಯಾ ಎಂದು. ತರಲಿಲ್ಲ. ಮತ್ತೆ ಯಾಕೆ ಹೋಗಿದ್ದೆ ಎಂದರೆ, ಮಣ್ಣು ಅಳೆಯುವುದಕ್ಕೆ. ಅಲ್ಲಿಗೆ ಅವರ ಪ್ರಶ್ನೆ ಮುಗಿಯುತ್ತದೆ. ಪಾಪ ಎನ್ನುವಂತೆ ನನ್ನನ್ನೊಮ್ಮೆ ನೋಡಿ ಮಾತು ಬದಲಿಸುತ್ತಾರೆ. ಅದಕ್ಕೇ ಬರೆದು ಹೇಳುತ್ತಿದ್ದೇನೆ.

ಎಪ್ಪತ್ತರ ದಶಕದ ನಡುಭಾಗ. ಆಗ ನಾನು ಹಿರಿಯೂರಿನಲ್ಲಿ ಮಣ್ಣು ಸಂರಕ್ಷಣೆಯ ಕಚೇರಿಯೊಂದರಲ್ಲಿ ಕ್ಷೇತ್ರ ಸಹಾಯಕನಾಗಿದ್ದೆ. ಅಕ್ಕಪಕ್ಕದ ದೇಶಗಳಲ್ಲಿ ಗುಡ್ಡಗಳು ಎಷ್ಟೆಷ್ಟು ಹಾಳಾಗಿವೆ ಎಂದು ಒಂದೇ ಅಳತೆಯಲ್ಲಿ ಹೋಲಿಸಿ ನೋಡಬೇಕೆಂದು ಯಾರೋ ದೊಡ್ಡವರು ತೀರ್ಮಾನಿಸಿ, ಭಾರತ, ನೇಪಾಳ, ಲಂಕಾ ಮೂರೂ ಕಡೆಯಿಂದ ಒಬ್ಬೊಬ್ಬರನ್ನು ಹೈದರಾಬಾದಿಗೆ ತರಬೇತಿಗೆ ಕರೆಸಿದ್ದರು. ನೇಪಾಳದಿಂದ ಕೃಷ್ಣ ಬಹಾದ್ದೂರ್, ಲಂಕೆಯಿಂದ ಜಯಸೇನ, ಇಲ್ಲಿಂದ ನಾನು, ತಾಳ್ಯದ ಮೈಲಾರಿ.

ಅಳತೆ ಎಂದರೆ ದೊಡ್ಡ ಯಂತ್ರವೇನಲ್ಲ. ಮೊಳದುದ್ದದ ಕಬ್ಬಿಣದ ಗೂಟ. ಅದಕ್ಕೊಂದು ಕೆಂಪು ಗೆರೆ. ಗೆರೆಯ ಮಟ್ಟಕ್ಕೆ ಮಣ್ಣು ಬರುವಂತೆ ಗೂಟ ಹೊಡೆದು ಬರುವುದು, ಒಂದು ಮಳೆಗಾಲ ಕಳೆದ ಮೇಲೆ ಹೋಗಿ ನೋಡುವುದು. ಗೆರೆ ಎಷ್ಟು ಮೇಲೆ ನಿಂತಿದೆಯೋ ಅಷ್ಟು ಮಣ್ಣು ಹೋಯಿತು. ಗೂಟ ಎಲ್ಲಿ ಹೊಡೆಯಬೇಕು ಎಂದು ತರಬೇತಿಯಲ್ಲಿ ಚರ್ಚೆ ಬಂದಾಗ ನಾನೇ ಎದ್ದು ನಿಂತು, "ಎಲ್ಲಿ ಬೋಳೋ ಅಲ್ಲಿ" ಎಂದಿದ್ದೆ. ಎಲ್ಲರಿಗೂ ಹಿಡಿಸಿತು. ಪುಸ್ತಕದಲ್ಲಿ ನಿಯಮವೆಂದೇ ಬರೆದುಕೊಂಡರು. ನಾನು ಬೀಗಿದೆ. ನಮ್ಮ ಸೀಮೆಯಲ್ಲಿ ಹುಟ್ಟಿದವನಿಗೆ ಬೋಳು ಎಂದರೆ ಹಾಳು, ಎರಡೂ ಒಂದೇ.

ಇನ್ನೆರಡು ನಿಯಮಗಳಿದ್ದವು. ತಮ್ಮ ದೇಶದ ಗೂಟವನ್ನು ತಾವೇ ಓದಬಾರದು. ಹೆತ್ತವರಿಗೆ ಹೆಗ್ಗಣ ಮುದ್ದು ತಾನೆ. ಆದ್ದರಿಂದ ನಮ್ಮದನ್ನು ಜಯಸೇನ, ಲಂಕೆಯದನ್ನು ಕೃಷ್ಣ, ನೇಪಾಳದ್ದನ್ನು ನಾನು. ಮತ್ತೊಂದು, ಮೂರರಲ್ಲಿ ಯಾವ ಗುಡ್ಡ ಹೆಚ್ಚು ಹಾಳಾಗಿದೆಯೋ ಅದಕ್ಕೆ ಮೊದಲು ಬೇಲಿ. ಐದು ವರ್ಷ ಅಲ್ಲಿ ಕುರಿ ಮೇಕೆ ಹತ್ತುವಂತಿಲ್ಲ, ಗುದ್ದಲಿ ತಾಗಿಸುವಂತಿಲ್ಲ. ಬರೀ ಸಸಿ.

ನಾನು ಗೂಟ ಹೊಡೆದದ್ದು ತಾಳ್ಯದ ಮೇಲಿನ ಗುಡ್ಡದಲ್ಲಿ. ಅಲ್ಲಿ ಮೇಯುವುದು ನನ್ನ ಚಿಕ್ಕಪ್ಪ ಕೆಂಚಪ್ಪನ ಕುರಿ. ಅಪ್ಪ ತೀರಿಕೊಂಡ ಮೇಲೆ ಆ ಕುರಿ ಮೇಯಿಸಿಯೇ ನನ್ನನ್ನು ಓದಿಸಿದವನು ಅವನು. ಜಯಸೇನ ಅಳೆಯಲು ಬಂದಾಗ ಚಿಕ್ಕಪ್ಪ ಹಟ್ಟಿಯ ಮುಂದೆ ಕಂಬಳಿ ಹಾಸಿ, "ಬರ್ರಿ ಸಾಹೇಬ್ರೆ, ಕುಂತ್ಕಳ್ರಿ. ಮೊದ್ಲು ಮಜ್ಜಿಗೆ ಕುಡೀರಿ, ಆಮೇಲೆ ನಮ್ಮ ಗುಡ್ಡ ಅಳೀರಂತೆ" ಎಂದ. ಜಯಸೇನ ಮಜ್ಜಿಗೆ ಕುಡಿದು, ಗುಡ್ಡ ಹತ್ತಿ, ಇಳಿದು ಬಂದು, ತಾನೇ ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ಹೇಳಿದ: ಎರಡು ಬೆರಳು. ಲಂಕೆಯದು ಒಂದೇ ಬೆರಳು ಎಂದು ಕೃಷ್ಣನ ಕಾಗದ ಆಗಲೇ ಬಂದಿತ್ತು. ಉಳಿದದ್ದು ನೇಪಾಳ. ಅಲ್ಲಿ ನಮಗಿಂತ ಹೆಚ್ಚು ಹೋಗಿದ್ದರೆ ಚಿಕ್ಕಪ್ಪನ ಗುಡ್ಡ ಉಳಿಯಿತು, ಇಲ್ಲದಿದ್ದರೆ ಇಲ್ಲ.

ರೈಲು ಹತ್ತಿಸಲು ಚಿಕ್ಕಜಾಜೂರಿನವರೆಗೆ ಬಂದ ಚಿಕ್ಕಪ್ಪ ತನ್ನ ಕಂಬಳಿಯನ್ನೇ ಮಡಿಸಿ ಕೈಗಿಟ್ಟ. "ಲೇ ಮೈಲಾರಿ, ಗೂಟ ನೋಡಾಕೆ ಪರದೇಶಕ್ಕೆ ಕಳಿಸ್ತಾರಲ್ಲಪ್ಪ, ಸರ್ಕಾರ ದೊಡ್ಡದು" ಎಂದು ನಕ್ಕ. ಬೇಲಿಯ ವಿಷಯ ಅವನಿಗೆ ಗೊತ್ತಿತ್ತು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ರಕ್ಸೌಲ್

ಎಷ್ಟು ರೈಲು ಬದಲಿಸಿದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ಗಡಿಯಲ್ಲಿ ಟಾಂಗಾ ಹತ್ತಿ ಸಣ್ಣದೊಂದು ಸೇತುವೆ ದಾಟಿದರೆ ಆಯಿತು, ಪರದೇಶ. ನಾನು ಏನೇನೋ ಊಹಿಸಿಕೊಂಡಿದ್ದೆ. ಈಚೆಗಿದ್ದ ನೊಣಗಳೇ ಆಚೆಗೂ ಇದ್ದವು.

ಸುಂಕದ ಕಟ್ಟೆಯಲ್ಲಿ ನನ್ನ ಕಂಬಳಿ ಬಿಚ್ಚಿಸಿದರು. ಒಳಗೆ ಮುರಿದುಹೋದವುಗಳ ಬದಲಿಗೆಂದು ಒಯ್ದಿದ್ದ ಆರು ಗೂಟಗಳು ಠಣ್ಣನೆ ಬಿದ್ದವು. ಒಂದು ತುದಿ ಚೂಪು, ಮೈಮೇಲೆ ಕೆಂಪು. ಪೊಲೀಸಿನವನು ಎರಡು ಹೆಜ್ಜೆ ಹಿಂದೆ ಸರಿದ. ಹೊಳಲ್ಕೆರೆ ಸಂತೆಯ ಕುರಿ ವ್ಯಾಪಾರದಲ್ಲಿ ಕಲಿತ ಉರ್ದು ನನ್ನದು. ಅದರಲ್ಲಿ ಕುರಿಯ ಹಲ್ಲು, ವಯಸ್ಸು, ರೋಗ ಎಲ್ಲ ಹೇಳಬಲ್ಲೆ. ಮಣ್ಣಿನ ಸವಕಳಿಗೆ ಮಾತಿಲ್ಲ. ಕೊನೆಗೆ ಅಂಗಳದಲ್ಲೇ ಒಂದು ಗೂಟ ಹೊಡೆದು, ಚೊಂಬು ನೀರು ಸುರಿದು, ಮಣ್ಣು ಹೋಗುವುದನ್ನು ತೋರಿಸಿದೆ.

ವಯಸ್ಸಾದ ಸುಂಕದ ಅಧಿಕಾರಿ ಕನ್ನಡಕ ಏರಿಸಿ ನೋಡಿದ. ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಅಷ್ಟು ದೂರದಿಂದ ಬಂದೆಯಾ ಎಂದು ಕೇಳಿದ. ಹೌದೆಂದೆ. "ಕೆಳಕ್ಕೆ ಹೋಗುತ್ತದಪ್ಪ, ಮತ್ತೆಲ್ಲಿಗೆ?" ಎಂದ. ಇಡೀ ಕಟ್ಟೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆದರೂ ಆ ಮುದುಕ ಎದ್ದು ಬಂದು ಗೂಟಗಳನ್ನು ತಾನೇ ಕಂಬಳಿಯಲ್ಲಿ ಸುತ್ತಿ, ಬಸ್ಸು ನಿಲ್ಲುವ ಜಾಗದ ತನಕ ಜೊತೆಗೆ ಬಂದು ಹತ್ತಿಸಿ ಹೋದ. ಅವನ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಎಂದು ಈಗಲೂ ಅನ್ನಿಸುತ್ತದೆ.

ಕಾಠ್ಮಂಡು

ಬೆಟ್ಟ ಸುತ್ತಿ ಸುತ್ತಿ ಹತ್ತುವ ಬಸ್ಸಿನಲ್ಲಿ ಕಾಠ್ಮಂಡು ಮುಟ್ಟಿದಾಗ ಶನಿವಾರ. ಅಲ್ಲಿ ಶನಿವಾರವೇ ರಜೆ. ಕಚೇರಿಗೆ ಬೀಗ. ಮರುದಿನ ಭಾನುವಾರವೆಂದು ನಾನು ಹೊದ್ದು ಮಲಗಿದ್ದರೆ ಕೃಷ್ಣ ಬಂದು ಬಾಗಿಲು ಬಡಿದ; ಭಾನುವಾರ ಅವರಿಗೆ ಕೆಲಸದ ದಿನ. ಗಡಿಯಾರ ನಮಗಿಂತ ಹತ್ತು ನಿಮಿಷ ಮುಂದೆ, ಪಂಚಾಂಗ ಐವತ್ತು ಚಿಲ್ಲರೆ ವರ್ಷ ಮುಂದೆ. ಇಷ್ಟೆಲ್ಲ ಮುಂದಿರುವವರ ಗುಡ್ಡ ಹಾಳಾಗುವುದರಲ್ಲಿ ಮಾತ್ರ ಹಿಂದೆ ಬೀಳದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೇಡಿಕೊಂಡದ್ದು ನಿಜ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಕೃಷ್ಣ ಪೇಟೆಯ ಹುಡುಗ. ಒಳ್ಳೆಯವನು, ಆದರೆ ಗುದ್ದಲಿ ಹಿಡಿದವನಲ್ಲ. ಉತ್ತರದ ಕಡೆ ಬೆಳ್ಳಗೆ ಕಂಡದ್ದನ್ನು ತೋರಿಸಿ, ಮಳೆ ಬರುತ್ತದಾ ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿ, "ದಾದಾ, ಅದು ಮೋಡವಲ್ಲ, ಹಿಮಾಲಯ" ಎಂದ. ನಮ್ಮ ಸೀಮೆಯ ಜೋಗಿಮಟ್ಟಿ ಬೆಟ್ಟವೇ ಎತ್ತರವೆಂದು ನಂಬಿ ಬೆಳೆದವನ ಕಣ್ಣು ಅದು, ಏನು ಮಾಡಲಾದೀತು.

ಬೆಟ್ಟದೂರು, ಮೊದಲ ದಿನ

ಬಸ್ಸಿನಲ್ಲಿ ಅರ್ಧ ದಿನ, ನಡಿಗೆಯಲ್ಲಿ ಒಂದು ದಿನ. ಮೆಟ್ಟಿಲು ಮೆಟ್ಟಿಲಾಗಿ ಹೊಲಗಳು. ಒಂದೊಂದು ಹೊಲವೂ ನಮ್ಮ ಮನೆಯ ಜಗಲಿಯಷ್ಟು ಅಗಲ, ಒಂದರಿಂದ ಇನ್ನೊಂದಕ್ಕೆ ಆಳುದ್ದದ ಮಣ್ಣಿನ ಗೋಡೆ. ಆ ಗೋಡೆಗಳ ಮೇಲೆ ಅಲ್ಲಲ್ಲಿ ಒಂದು ಕಡ್ಡಿ ಹುಲ್ಲೂ ಇರಲಿಲ್ಲ, ಬೆತ್ತಲೆ ಕೆಂಪು. ನಿಯಮದಂತೆ ಕೃಷ್ಣ ಹನ್ನೆರಡರಲ್ಲಿ ಎಂಟು ಗೂಟಗಳನ್ನು ಈ ಬೋಳು ಗೋಡೆಗಳಿಗೇ ಹೊಡೆದಿದ್ದ. ಉಳಿದ ನಾಲ್ಕು ಮೇಲಿನ ಮೇಕೆ ಮೇಯುವ ಇಳಿಜಾರಿನಲ್ಲಿದ್ದವು.

ನಮಗೆ ಉಳಿಯಲು ಜಾಗ ಕೊಟ್ಟ ಹೆಂಗಸನ್ನು ಊರೆಲ್ಲ ಆಮಾ ಎನ್ನುತ್ತಿತ್ತು, ಅಂದರೆ ಅಮ್ಮ. ಅರವತ್ತು ದಾಟಿದ ಗಟ್ಟಿ ಜೀವ. ಗೂಟಗಳಿದ್ದ ಹೊಲಗಳು ಆಕೆಯವೇ. ಆಕೆ ಆಡಿದ್ದು ನೇಪಾಳಿ, ಕೃಷ್ಣ ತಿರುಗಿಸಿ ಹೇಳಿದ್ದು ಹಿಂದಿ. ಆದರೆ ನನ್ನ ಕಿವಿಗೆ ಅದು ತಾಳ್ಯದ ನಮ್ಮ ಚಿಕ್ಕಮ್ಮ ಮಾತಾಡಿದಂತೆಯೇ ಕೇಳಿಸುತ್ತಿತ್ತು. ಹಾಗೆ ಕೇಳಿಸಿದಂತೆಯೇ ಬರೆಯುತ್ತೇನೆ, ಕೃಷ್ಣ ಕ್ಷಮಿಸಲಿ.

ಊಟಕ್ಕೆ ಕೂತೆ. ಕಂಚಿನ ತಟ್ಟೆಯಲ್ಲಿ ಕಪ್ಪಗೆ, ಹಬೆಯಾಡುತ್ತ ಬಂದದ್ದನ್ನು ನೋಡಿ ನನ್ನ ಕಣ್ಣು ತುಂಬಿತು. ರಾಗಿಮುದ್ದೆ! ಅವರು ಢಿಂಡೋ ಎನ್ನುತ್ತಾರೆ. ದುಂಡಗೆ ಕಟ್ಟುವುದಿಲ್ಲ, ಅಷ್ಟೇ ವ್ಯತ್ಯಾಸ. ಪಕ್ಕದಲ್ಲಿ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರು. ದಾರಿಯುದ್ದಕ್ಕೂ ಪೂರಿ ತಿಂದು ನಾಲಿಗೆ ಸತ್ತಿತ್ತು. ನಾನು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ. ಪೇಟೆಯ ಕೃಷ್ಣ ಅಗಿಯುತ್ತ ಕೂತಿದ್ದ. ಆಮಾ ಸೌಟು ಹಿಡಿದು ಹಾಗೇ ನಿಂತಳು.

"ಏನಪ್ಪ, ನಿಮ್ಮೂರಾಗೂ ಇದನ್ನ ನುಂಗ್ತಾರಾ?"

"ಹುಟ್ಟಿದಾಗಿನಿಂದ ಇದೇ ಅಮ್ಮ."

"ಹಂಗಾದ್ರೆ ನೀನು ಪರದೇಶದವನಲ್ಲ ಬಿಡು" ಎಂದು ಇನ್ನೊಂದು ಸೌಟು ಹಾಕಿದಳು.

ಊಟ ಮಾಡಿ ಹೋಗಿ ಗೂಟಗಳನ್ನು ಓದಿದೆ. ಒಂದು ಗೇಣು! ಎರಡನೆಯದೂ ಗೇಣು. ಎಂಟೂ ಹಾಗೆಯೇ. ಯಾವುದರ ತಲೆಯ ಮೇಲೂ ಕಲ್ಲಿನ ಏಟಿನ ಗುರುತಿರಲಿಲ್ಲ. ನಾವು ಹೊಡೆಯುವುದು ಮರದ ಕೊಡತಿಯಿಂದ; ಆಮೇಲೆ ಕಲ್ಲಿನ ಏಟು ಬಿದ್ದ ಗೂಟ ಒಳಕ್ಕಿಳಿದು ಸುಳ್ಳು ಹೇಳುತ್ತದೆ, ಅದನ್ನು ನೋಡುವುದು ನಮ್ಮ ಮೊದಲ ಪಾಠ. ಎರಡು ಬೆರಳೆಲ್ಲಿ, ಒಂದು ಗೇಣೆಲ್ಲಿ. ಚಿಕ್ಕಪ್ಪನ ಗುಡ್ಡ ಉಳಿಯಿತು. ಪಕ್ಕದ ಮನೆಯ ಮಾಳಿಗೆ ನಮ್ಮದಕ್ಕಿಂತ ಹೆಚ್ಚು ಸೋರುತ್ತದೆ ಎಂದು ತಿಳಿದಾಗ ಆಗುವ ಸಂತೋಷ ಅದು, ಅದಕ್ಕಿಂತ ಸಣ್ಣ ಸಂತೋಷ ಲೋಕದಲ್ಲಿಲ್ಲ. ಆ ದಿನ ನನಗೆ ಅದು ದೊಡ್ಡದಾಗಿಯೇ ಇತ್ತು. ಎಂಟು ಗೂಟ, ಎಂಟು ಗೇಣು ಎಂದು ಪುಸ್ತಕದಲ್ಲಿ ದಪ್ಪಗೆ ಬರೆದೆ. ಮೇಲಿನ ನಾಲ್ಕನ್ನು ಆಮೇಲೆ ಓದಿದರಾಯಿತು ಎಂದು ಬಿಟ್ಟೆ.

ಮೂರನೆಯ ದಿನ

ಬೆಳಗ್ಗೆ ಮುಖ ತೊಳೆಯಲು ಹೊರಗೆ ಬಂದವನು ಹೌಹಾರಿದೆ. ಆಮಾ ಸೆರಗು ಸಿಕ್ಕಿಸಿ, ಅಗಲ ಬಾಯಿಯ ಗುದ್ದಲಿ ಹಿಡಿದು, ಗೂಟವಿದ್ದ ಗೋಡೆಯನ್ನೇ ಮೇಲಿನಿಂದ ಕೆಳಕ್ಕೆ ಕೆತ್ತುತ್ತಿದ್ದಳು. ಮಣ್ಣು ಪದರ ಪದರವಾಗಿ ಕೆಳಗಿನ ಹೊಲಕ್ಕೆ ಉದುರುತ್ತಿತ್ತು. ಹಲ್ಲುಜ್ಜುತ್ತಿದ್ದ ಬೇವಿನ ಕಡ್ಡಿಯಂಥದ್ದನ್ನು ಎಸೆದು ಓಡಿದೆ. "ಅಯ್ಯೋ ಬ್ಯಾಡ ಬ್ಯಾಡ, ನಿಲ್ಸಮ್ಮ!" ಎಂದು ಅಚ್ಚ ಕನ್ನಡದಲ್ಲಿ ಕೂಗಿದೆ. ಕಾಲು ಜಾರಿ ಆಕೆ ಕೆತ್ತಿ ಹಾಕಿದ ಮಣ್ಣಿನಲ್ಲೇ ಕುಂಡಿಯೂರಿ ಬಿದ್ದೆ.

ಮೆತ್ತಗಿತ್ತು. ಕೈಯಲ್ಲಿ ಹಿಡಿದರೆ ತಣ್ಣಗೆ, ಹುಡಿಹುಡಿಯಾಗಿತ್ತು. ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿಕೊಂಡು ಹೋಗಿ ಕೆರೆಗೋಡು ಮಣ್ಣು ತುಂಬಿ ತಂದು ಹೊಲಕ್ಕೆ ಹರಡುತ್ತೇವಲ್ಲ, ಅದೇ ಮುಟ್ಟಿದಂತಾಯಿತು. ಕುಳಿತಲ್ಲಿಯೇ ನನಗೆ ಅರ್ಥವಾಗತೊಡಗಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು ಎಂದೂ ಅದೇ ಗಳಿಗೆಯಲ್ಲಿ ಅನ್ನಿಸಿತು.

ಅಷ್ಟರಲ್ಲಿ ಕೃಷ್ಣನೂ ಓಡಿ ಬಂದ. ಯಾಕೆ ಕೆತ್ತುತ್ತೀ ಎಂದು ಕೇಳಿಸಿದೆ.

"ಯಾಕೆ ಅಂದ್ರೆ? ವರ್ಷ ವರ್ಷ ಕೆತ್ತಬೇಕು. ಗ್ವಾಡೆ ಮಣ್ಣು ಹೊಸ ಮಣ್ಣು, ಹೊಲಕ್ಕೆ ಬಿದ್ರೆ ಜೋಳ ಬರ್ತೈತೆ. ಇಲಿ ಬಿಲ ಹೋಗ್ತೈತೆ, ಕಳೆ ಹೋಗ್ತೈತೆ. ನಮ್ಮತ್ತೆ ಕೆತ್ತಿದ್ಲು, ನಾನು ಕೆತ್ತತೀನಿ."

"ಮಳೆಗೆ ಈ ಮಣ್ಣು ಕೊಚ್ಚಿ ಹೋಗಲ್ಲವಾ?"

"ಬದ ಹಾಕಿಲ್ವೇನಪ್ಪ ಹೊಲದ ಅಂಚಿಗೆ? ಕಣ್ಣಿಲ್ವಾ? ನನ್ನ ಹೊಲದ ಮಣ್ಣು ನನ್ನ ಹೊಲದಾಗೇ ಐತೆ."

ಹೋದ ವರ್ಷವೂ ಹೀಗೆಯೇ ಕೆತ್ತಿದೆಯಾ ಎಂದು ಕೇಳುವ ಅಗತ್ಯವಿರಲಿಲ್ಲ, ಆದರೂ ಕೇಳಿದೆ. ಕೆತ್ತಿದ್ದಳು. ಗೂಟಕ್ಕೆ ಗುದ್ದಲಿ ತಾಗದಂತೆ, ಅದರ ಸುತ್ತ ಕೈಯಿಂದ ಮಣ್ಣು ಬಿಡಿಸಿ, ಅಷ್ಟು ಜೋಪಾನವಾಗಿ ಕೆತ್ತಿದ್ದಳು. "ಯಾರೋ ಹೊಡೆದು ಹೋಗವ್ರೆ, ಹೊಡೆದವ್ನು ಬಂದು ಕೇಳಲ್ವಾ? ಅಳ್ಳಾಡಿಸಬಾರ್ದು ಅಂತ ನೋಡ್ಕಂಡೆ" ಎಂದಳು.

ಮಳೆ ತೆಗೆದ ಮಣ್ಣೆಂದು ನಾನು ಬರೆದುಕೊಂಡದ್ದು ಈ ಮುದುಕಿ ಸೊಸೆಯಾಗಿ ಬಂದಾಗಿನಿಂದ ಮಾಡುತ್ತ ಬಂದ ಬೇಸಾಯ. ಬೋಳು ಎಂದರೆ ಹಾಳು ಎಂದ ಜಾಣ ನಾನು. ಅಲ್ಲಿ ಬೋಳು ಎಂದರೆ ಒಪ್ಪವಾಗಿಟ್ಟುಕೊಂಡದ್ದು, ಸಾರಿಸಿದ ಅಂಗಳದ ಹಾಗೆ.

ಕೃಷ್ಣ ಮೊದಲು ಮಾತಾಡಿದ. ಅವನ ಮುಖ ಬಾಡಿತ್ತು. "ದಾದಾ, ಗೂಟ ನಿಯಮದಂತೆಯೇ ಹೊಡೆದಿದ್ದೇನೆ. ಗೇಣು ಅಂತಲೇ ಬರೆದರೆ ಯಾರೂ ತಪ್ಪೆನ್ನುವುದಿಲ್ಲ" ಎಂದ. ಯಾರೂ ತಪ್ಪೆನ್ನುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಅವರ ಕಚೇರಿಗೂ ಸಸಿ ಬಂದರೆ ಸಂತೋಷವೇ. ನಷ್ಟ ಆಮಾಗೆ ಮಾತ್ರ: ಐದು ವರ್ಷ ಈ ಹೊಲಗಳಿಗೆ ಗುದ್ದಲಿ ತಾಗುವಂತಿಲ್ಲ. ಆಕೆಗೆ ಅದು ತಿಳಿದೂ ಇರಲಿಲ್ಲ.

ನಾಲ್ಕು ಗೂಟಗಳಿದ್ದ ಮೇಲಿನ ಇಳಿಜಾರಿಗೆ ಹತ್ತಿದೆ. ಅಲ್ಲಿ ಕೆತ್ತುವವರಿಲ್ಲ, ಮಳೆಯದೇ ಕೆಲಸ. ನಾಲ್ಕೂ ಅಳೆದೆ. ಒಂದೂವರೆ ಬೆರಳು. ಮತ್ತೆ ಅಳೆದೆ. ಗೂಟದ ಮುಂದೆ ಮಂಡಿಯೂರಿ, ಬೆರಳು ಸ್ವಲ್ಪ ಓರೆ ಮಾಡಿದರೆ ಎರಡಾದೀತೇ ಎಂದು ನೋಡಿದೆ. ಎಷ್ಟು ಓರೆ ಮಾಡಿದರೂ ಎರಡಾಗಲಿಲ್ಲ.

ಇಳಿಯುವ ದಿನ

ಹೊರಡುವ ಬೆಳಗ್ಗೆ ಆಮಾ ಜಗಲಿಯಲ್ಲಿ ಕೂರಿಸಿ, ಮೂರು ದಿನದಿಂದ ಏನು ಅಳೆದೆ ಎಂದು ಕೇಳಿದಳು. ಯಾವ ದೇಶದ ಗುಡ್ಡ ಹೆಚ್ಚು ಹಾಳಾಗಿದೆ ಎಂದು ನೋಡುತ್ತಿದ್ದೇವೆ ಎಂದು ಹೇಳಿದೆ. ಬೇಲಿಯ ವಿಷಯ ಬಾಯಿಗೆ ಬರಲಿಲ್ಲ.

"ಯಾರ ಮನೆ ಕೂಸಿಗೆ ಜ್ವರ ಜಾಸ್ತಿ ಅಂತ ನೋಡಾಕೆ ಬಂದಿದೀಯ ಅನ್ನು" ಎಂದು ನಕ್ಕಳು. ಆಮೇಲೆ, "ನಿಮ್ಮೂರ ಗುಡ್ಡ ಹೆಂಗೈತೆ?" ಎಂದಳು.

ಚೆನ್ನಾಗಿದೆ ಎನ್ನಬೇಕೆಂದು ಬಾಯಿ ತೆರೆದೆ. ಕಣ್ಣ ಮುಂದೆ ತಾಳ್ಯದ ಗುಡ್ಡ ಬಂತು. ನಾನು ಸಣ್ಣವನಿದ್ದಾಗ ಮೊಣಕಾಲುದ್ದ ಕರಡದ ಹುಲ್ಲಿದ್ದ ಕಡೆ ಈಗ ಬರೀ ಬಿಳಿ ಸುದ್ದೆ ಕಲ್ಲು. ಕುರಿ ನಿಂತಲ್ಲಿ ಮೇವಿಲ್ಲದೆ ಮಣ್ಣು ನೆಕ್ಕುತ್ತವೆ. ಊರಿಗೆ ಹೋದಾಗಲೆಲ್ಲ ಅದನ್ನು ನೋಡಿಯೂ ಯಾರೊಂದಿಗೂ ಒಪ್ಪಿಕೊಂಡಿರಲಿಲ್ಲ.

"ಚೆನ್ನಾಗಿಲ್ಲಮ್ಮ. ಹಾಳಾಗಿದೆ" ಎಂದೆ.

"ಹಂಗಾದ್ರೆ ಮೊದ್ಲು ಅದನ್ನ ನೋಡ್ಕ ಹೋಗು" ಎಂದಳು, ಮಗನಿಗೆ ಹೇಳುವಂತೆ. ಹೇಳಿ ಒಳಗೆ ಹೋಗಿ, ಒಂದು ಸೇರಿನಷ್ಟು ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದು ಕೊಟ್ಟಳು. ನಮ್ಮಲ್ಲೂ ಇದೆ ಎಂದರೆ, "ಇದು ನಂದು" ಎಂದಳು.

ಅಲ್ಲಿಯೇ ಆಕೆಯ ಜಗಲಿಯ ಮೇಲೆ ಪುಸ್ತಕ ತೆಗೆದೆ. ಎಂಟು ಗೂಟಗಳ ಲೆಕ್ಕಕ್ಕೆ ಅಡ್ಡಗೆರೆ ಎಳೆದು, ಇಲ್ಲಿಯ ಮಣ್ಣು ಮಳೆ ತೆಗೆದದ್ದಲ್ಲ, ರೈತರು ಕೆತ್ತಿದ್ದು, ತಪ್ಪು ನಿಯಮ ಮಾಡಿದವನದು, ನಿಯಮ ಮಾಡಿದವನು ನಾನು ಎಂದು ಬರೆದೆ. ಕೆಳಗೆ ಒಂದೂವರೆ ಬೆರಳು ಎಂದು ಬರೆದು ರುಜು ಹಾಕಿದೆ. ಕೃಷ್ಣ ಓದಿ, ನನ್ನ ಗೂಟಗಳಿದ್ದ ಕಂಬಳಿಯನ್ನು ತಾನೇ ಹೆಗಲಿಗೆ ಹಾಕಿಕೊಂಡ. ಬಸ್ಸಿನವರೆಗೂ ನನಗೆ ಹೊರಲು ಕೊಡಲಿಲ್ಲ.

ಆ ಹೆಂಗಸಿಗೆ ನಾನು ಎಷ್ಟು ಋಣಿ ಎಂದು ಹೇಳುವುದು ಕಷ್ಟ. ಆಕೆ ನಕ್ಕು ಹೇಳದೆ ಹೋಗಿದ್ದರೆ, ಬಯ್ದು ಅಟ್ಟಿದ್ದರೆ, ನಾನು ಗೇಣಿನ ಲೆಕ್ಕ ಹೊತ್ತುಕೊಂಡು ದೊಡ್ಡ ಮನುಷ್ಯನಂತೆ ಊರಿಗೆ ಬರುತ್ತಿದ್ದೆ. ತಾನು ಏನನ್ನು ಕಳೆದುಕೊಳ್ಳಲಿದ್ದೆ ಎಂದು ಆಕೆಗೆ ಕೊನೆಗೂ ತಿಳಿಯಲಿಲ್ಲ. ನಾನು ಏನಾಗಲಿದ್ದೆ ಎಂದು ನನಗೆ ತಿಳಿಯಿತು.

ತಾಳ್ಯ

ರೈಲಿಳಿದು ಹೊಳಲ್ಕೆರೆಯ ಬಸ್ಸು ಹಿಡಿದು ಊರು ಮುಟ್ಟಿದಾಗ ಇಳಿಹೊತ್ತು. ದಾರಿಯುದ್ದಕ್ಕೂ ಚಿಕ್ಕಪ್ಪನಿಗೆ ಹೇಗೆ ಹೇಳುವುದೆಂದು ಜೋಡಿಸಿಕೊಂಡಿದ್ದ ಮಾತೆಲ್ಲ ಅವನನ್ನು ಕಂಡೊಡನೆ ಮರೆತುಹೋಯಿತು. ಕುರಿಗಳನ್ನು ಹಟ್ಟಿಗೆ ಕೂಡಿ, ಕೈ ತೊಳೆದು ಬಂದು ಎದುರು ಕೂತ. ಕಂಬಳಿ ವಾಪಸು ಕೊಟ್ಟೆ. ಆಮಾ ಕೊಟ್ಟ ರಾಗಿ ಕೊಟ್ಟೆ. ಆಮೇಲೆ ಒಂದೇ ಉಸಿರಿಗೆ ನಡೆದದ್ದೆಲ್ಲ ಹೇಳಿದೆ: ಗೇಣು, ಗುದ್ದಲಿ, ಅಡ್ಡಗೆರೆ, ಒಂದೂವರೆ ಬೆರಳು. ಮೂರರಲ್ಲಿ ನಮ್ಮದೇ ಹೆಚ್ಚು. ನಮ್ಮ ಗುಡ್ಡಕ್ಕೇ ಬೇಲಿ.

ಚಿಕ್ಕಪ್ಪ ಗಂಟು ಬಿಚ್ಚಿ, ಎರಡು ಕಾಳು ರಾಗಿ ಬಾಯಿಗೆ ಹಾಕಿಕೊಂಡು ಅಗಿದು ನೋಡಿದ.

"ಆಯಮ್ಮನ ಹೊಲ ಉಳೀತಾ?"

"ಉಳೀತು."

"ಒಳ್ಳೇದಾತು."

"ಚಿಕ್ಕಪ್ಪ, ನಾನು ಬಾಯಿ ಮುಚ್ಕಂಡಿದ್ರೆ ನಮ್ಮ ಗುಡ್ಡ ಉಳಿಯಾದು. ನಿನ್ನ ಕುರಿಗೆ ನಾನೇ..."

"ಲೇ, ಸುಮ್ಕಿರು" ಎಂದ. ಗುಡ್ಡದ ಕಡೆ ತಿರುಗಿದ. "ನೀನು ಹೊಡೆದ ಗೂಟ ನಾನು ದಿನಾ ನೋಡ್ತಿದ್ದೆ. ಗೆರೆ ಮೇಲಕ್ಕೆ ಬರ್ತಾ ಐತೆ ಅಂತ ಆ ಸಿಲೋನ್ ಸಾಹೇಬ್ರಿಗಿಂತ ಮೊದ್ಲು ನಂಗೆ ಗೊತ್ತು. ಬೇಲಿ ಹಾಕ್ತಾರೆ ಅಂತಲೂ ನೀನೇ ಹೇಳಿದ್ದೆ. ಕೈಯಾಗೆ ಕಲ್ಲಿತ್ತು ಕಣೋ. ಒಂದೊಂದು ಗೂಟಕ್ಕೆ ಒಂದೊಂದು ಏಟು ಹಾಕಿದ್ರೆ ಗೆರೆ ಮಣ್ಣಿಗೆ ಸಮ ಆಗಾದು."

"ಹೊಡೀಲಿಲ್ವಾ?"

"ಒಂದಿನ ಕಲ್ಲು ಎತ್ತಿದ್ದೆ. ಆಮೇಲೆ ಇದು ನಮ್ಮ ಹುಡ್ಗ ಅಳತೆ ಮಾಡಿ ಹೊಡೆದಿರಾದು ಅಂತ ಕೆಳಗಿಟ್ಟೆ."

ಚಿಕ್ಕಮ್ಮ ಒಳಗಿನಿಂದ ಊಟಕ್ಕೆ ಕರೆದಳು. ಚಿಕ್ಕಪ್ಪ ರಾಗಿಯ ಗಂಟು ಕಟ್ಟಿ ಎದ್ದ. "ಬೇಲಿ ಹಾಕಾದ್ರೊಳಗೆ ಕುರಿ ಕೆಳಗೆ ಇಳಿಸಾಣ. ಹೊಲದೋರು ಮಂದೆ ನಿಲ್ಸಿ ಅಂತ ಕೇಳ್ತಾ ಅವ್ರೆ, ಗೊಬ್ಬರ ಆಗ್ತೈತೆ ಅಂತ. ಬೆಳಿಗ್ಗೆ ಎದ್ದು ಇಬ್ರೂ ಗುಡ್ಡಕ್ಕೆ ಹೋಗಾಣ ನಡಿ."

ಬೆಳಿಗ್ಗೆ ಹೋದೆವು. ನಾನು ಒಂದೊಂದೇ ಗೂಟದ ತಲೆ ಬಗ್ಗಿ ನೋಡಿದೆ. ಒಂದರ ಮೇಲೂ ಏಟಿನ ಗುರುತಿರಲಿಲ್ಲ. ಕೊನೆಯ ಗೂಟದ ಪಕ್ಕದಲ್ಲಿ ಮುಷ್ಟಿ ಗಾತ್ರದ ಒಂದು ಕಲ್ಲು ಮಾತ್ರ ಇತ್ತು, ಅವನು ಕೆಳಗಿಟ್ಟ ಜಾಗದಲ್ಲೇ.